ಮನೆಯಂಗಳ: ಜೋಳಿಗೆಗೆ ಬಿದ್ದ ಅರ್ಧ ರೊಟ್ಟಿ



ಕಳೆದ ಶ್ರಾವಣದ ಒಂದು ಸೋಮವಾರ ನನ್ನ ತಂಗಿಯ ಮೊಮ್ಮಗಳು ದೂರವಾಣಿಯಲ್ಲಿ ಮಾತನಾಡುತ್ತ ಹಠಾತ್ತನೆ ಕೇಳಿದಳು: "ಅಜ್ಜಾ, ಇಂದು ಮುಂಜಾನೆ ಕಾವಿ ತೊಟ್ಟ ಹಿರಿಯರೊಬ್ಬರು ಬಾಗಿಲಿಗೆ ಬಂದು 'ಭಿಕ್ಷಾ' ಎಂದರು. ಮನೆಯಲ್ಲಿ ನಾನು, ಕೂಸು ಇಬ್ಬರೇ. ಬಾಗಿಲು ತೆರೆಯಲಿಲ್ಲ. ಸ್ವಲ್ಪ ಹೊತ್ತು ನಿಂತು ಹೊರಟುಹೋದರು. ನನ್ನಿಂದ ತಪ್ಪಾಯಿತೇ?"

ಅವಳಿರುವುದು ಬೆಂಗಳೂರಿನ ಬಹುಮಹಡಿ ವಸತಿಯೊಂದರ ಮೂರನೆಯ ಅಂತಸ್ತಿನಲ್ಲಿ. ಆ ಹಿರಿಯರು ಕಾವಲುಗಾರನನ್ನು ದಾಟಿ ಅಲ್ಲಿಯವರೆಗೆ ಬಂದುದೇ ಒಂದು ಸೋಜಿಗ. ಒಂಟಿ ಹೆಣ್ಣುಮಗಳು ಅಪರಿಚಿತರಿಗೆ ಬಾಗಿಲು ತೆರೆಯದಿರುವುದು ತಪ್ಪಲ್ಲವೆಂದು ತಕ್ಷಣವೇ ಹೇಳಿದೆ. ಆದರೆ ಹಾಗೆ ಹೇಳಿದ ಮೇಲೆ ನನಗೇ ಸಮಾಧಾನವಾಗಲಿಲ್ಲ.

ಸಂಚಾರಿಗಳಾದ ವಿರಕ್ತರಿಗೆ ಅನ್ನವಿಕ್ಕುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ಅಡುಗೆಮನೆಯ ಹೊಗೆ ಆರಿ, ಒನಕೆಯ ಸದ್ದು ನಿಂತು, ಮನೆಯವರೆಲ್ಲ ಉಂಡ ಬಳಿಕವೇ ಸಂನ್ಯಾಸಿಯು ಭಿಕ್ಷೆಗೆ ತೆರಳಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಗೃಹಸ್ಥನಿಗೆ ತಾನು ಹೊರೆಯಾಗಬಾರದೆಂಬುದು ಅದರ ಆಶಯವಿದ್ದೀತು. ದುಂಬಿಯು ಹೂವನ್ನು ನೋಯಿಸದೆ ಮಧುವನ್ನು ಹೀರುವಂತೆ ಹಲವು ಮನೆಗಳಿಂದ ತುತ್ತುತುತ್ತಾಗಿ ಬೇಡುವುದಕ್ಕೆ ಮಧುಕರಿ ಎಂದೇ ಹೆಸರು. ಜೈನರ ದಿಗಂಬರ ಮುನಿಗಳಂತೂ ದಿನಕ್ಕೊಮ್ಮೆ ಮಾತ್ರ, ನಿಂತುಕೊಂಡು, ತಮ್ಮ ಬೊಗಸೆಯಲ್ಲಿಯೇ ಆಹಾರ ಸ್ವೀಕರಿಸುವವರು.

ನಮ್ಮ ಶರಣರು ಈ ಕ್ರಮವನ್ನೇ ತಿರುವಿಟ್ಟರು. ಮನೆಯವರು ಉಂಡು ಉಳಿದುದು ಜಂಗಮನಿಗಲ್ಲ. ಜಂಗಮನಿಗೆ ನೀಡಿ ಉಳಿದುದು ಮನೆಯವರಿಗೆ. ಅದುವೇ ಪ್ರಸಾದ. ಆದುದರಿಂದ ಬಾಗಿಲಿಗೆ ಬಂದವನು ಬೇಡುವವನಲ್ಲ, ಒಳಗಿರುವವನು ದಾನಿಯೂ ಅಲ್ಲ. 'ನಾನು ದಾಸ' ಎಂಬ ಅರ್ಥವನ್ನು ಹೊತ್ತ ದಾಸೋಹವೆಂಬ ಮಾತಿನಲ್ಲಿ 'ನೀಡಿದೆ' ಎಂಬ ಹಮ್ಮಿಗೆ ಎಡೆಯಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅವರ ಪುಣ್ಯಸ್ತ್ರೀ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಇಂದು ದಾಸೋಹದ ಹೆಸರಿನಲ್ಲಿ ಹತ್ತು ಬಗೆಯ ಭಕ್ಷ್ಯಗಳನ್ನು ಮಾಡಿಸಿ, ಮಾಡಿಸಿದವರ ಭಾವಚಿತ್ರವನ್ನೂ ತೂಗಹಾಕುವ ಕಡೆ ಲಕ್ಕಮ್ಮನವರು ಬಂದಿದ್ದರೆ ಏನೆನ್ನುತ್ತಿದ್ದರೋ!

ನನಗೆ ಇದರ ಅರಿವಾದುದು ಗ್ರಂಥಗಳಿಂದಲ್ಲ. ನಾನು ಹನ್ನೊಂದರ ಹುಡುಗನಾಗಿದ್ದಾಗ, 1963ರಲ್ಲಿ, ತಂದೆಯವರು ನನ್ನನ್ನು ಮಠವೊಂದರ ಪ್ರಸಾದನಿಲಯದಲ್ಲಿ ಬಿಟ್ಟುಬಂದರು. ಅಲ್ಲಿ ದಿನವೂ ಇಬ್ಬಿಬ್ಬರು ಹುಡುಗರು ಓಣಿಗೊಂದರಂತೆ ಕಂತಿಭಿಕ್ಷೆಗೆ ಹೋಗಬೇಕು. ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ, ಹೆಗಲಿಗೆ ಜೋಳಿಗೆ ಏರಿಸಿ ಹೊರಟೆವೆಂದರೆ ಮೊದಲ ಮನೆಯಲ್ಲಿಯೇ ನನ್ನ ಕೊರಳು ಕಟ್ಟುತ್ತಿತ್ತು. 'ಕಂತಿಭಿಕ್ಷಾ' ಎಂದು ಕೂಗುವುದು ಹಿರಿಯ ಹುಡುಗನ ಪಾಲು. ಶಾಲೆಯ ಜೊತೆಗಾರರ ಮನೆ ಬಂದಾಗ ಅವನ ಬೆನ್ನಿಗೆ ಮರೆಯಾಗುವುದು ನನ್ನ ಪಾಲು. ತಾಯಂದಿರು ಕೈತೊಳೆದು, ತಲೆಯ ಮೇಲೆ ಸೆರಗು ಹೊದ್ದು, ರೊಟ್ಟಿ ಹಿಡಿದು ಬರುತ್ತಿದ್ದರು. ಒಂದು ಮನೆಯ ಜೋಳದ ರೊಟ್ಟಿ ಹೂವಿನಂತೆ ತೆಳ್ಳಗೆ, ಇನ್ನೊಂದರದು ಅಂಗೈಯಷ್ಟು ದಪ್ಪ. ಎಲ್ಲೋ ಒಂದು ಕಡೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ. ಮಠದಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ಬಡಿಸಿದ ಮೇಲೆ ಗೌಡರ ಮನೆಯ ರೊಟ್ಟಿ ಯಾವುದು, ಕೂಲಿಯವರ ಮನೆಯದು ಯಾವುದು ಎಂದು ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ.

1965ರಲ್ಲಿ ಮಳೆ ಕೈಕೊಟ್ಟಿತು. ಓಣಿಯ ಕೊನೆಯಲ್ಲಿ ವಿಧವೆಯೊಬ್ಬಳ ಮನೆಯಿತ್ತು. ಎಂದೂ ಒಂದು ರೊಟ್ಟಿಗೆ ತಪ್ಪದವಳು ಆ ವರ್ಷ ಅರ್ಧವನ್ನು ನೀಡತೊಡಗಿದಳು. ಒಳಗೆ ಮೂರು ಮಕ್ಕಳಿರುವುದನ್ನು ನಾನು ಕಂಡಿದ್ದೆ. ಮರುಕದಿಂದಲೋ, ಅರ್ಧ ರೊಟ್ಟಿ ಪಡೆಯುವ ನಾಚಿಕೆಯಿಂದಲೋ, ಒಂದು ಮುಂಜಾನೆ ಆ ಮನೆಯನ್ನು ಬಿಟ್ಟು ಮುಂದೆ ನಡೆದುಬಿಟ್ಟೆವು. ಹತ್ತು ಹೆಜ್ಜೆಯೂ ಹೋಗಿರಲಿಲ್ಲ, ಹಿಂದಿನಿಂದ ಓಡಿಬಂದಳು. ಕೈಯಲ್ಲಿ ಅರ್ಧ ರೊಟ್ಟಿ, ಕಣ್ಣಲ್ಲಿ ನೀರು. "ನಮ್ಮ ಮನಿ ಯಾಕ ಬಿಟ್ರಿ? ನಾವೇನ್ ಸತ್ತೀವೇನು?" ಎಂದಳು. ನಮ್ಮಿಬ್ಬರಿಗೂ ನಾಲಗೆಯೇ ಹೊರಳಲಿಲ್ಲ. ಸಂಗತಿಯನ್ನು ಕೇಳಿದ ಮಠದ ಹಿರಿಯರು ನಮ್ಮನ್ನು ಗದರಿಸಲಿಲ್ಲ; ಮರುದಿನದಿಂದ ಆ ಮನೆಯಿಂದಲೇ ಭಿಕ್ಷೆ ಆರಂಭಿಸಬೇಕೆಂದು ಅಪ್ಪಣೆ ಮಾಡಿದರು. ಬಡವಳಿಂದ ಪಡೆಯುವುದು ಸರಿಯೇ ಎಂದು ಈಗಲೂ ಕೆಲವರು ನನ್ನನ್ನು ಕೇಳುವುದುಂಟು. ಪಡೆಯದೆ ಹೋದಾಗ ಅವಳ ಮುಖ ಹೇಗಾಗಿತ್ತೆಂಬುದನ್ನು ಅವರು ಕಂಡಿಲ್ಲ.

ಇಂಥ ಜೋಳಿಗೆಗಳಿಂದಲೇ ನಮ್ಮ ದೊಡ್ಡ ಸಂಸ್ಥೆಗಳು ಬೆಳೆದುವು. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು ಸಮಾಜದ ಮುಂದೆ ಕೈಯೊಡ್ಡಲು ಸಂಕೋಚಪಡಲಿಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಹಳ್ಳಿ ತಿರುಗಿ ದವಸ ಕೂಡಿಸಿ ಮಕ್ಕಳಿಗೆ ಉಣಬಡಿಸಿದರು. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳದು ಬೇರೆಯದೇ ದಾರಿ. ಅವರು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಬೇಡಿದುದು ಜನರ ದುಶ್ಚಟಗಳನ್ನು! ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ.

ಈಗ ಬಹುತೇಕ ಮಠಗಳಲ್ಲಿ ಹುಡುಗರು ಜೋಳಿಗೆ ಹೊರುವುದಿಲ್ಲ. ಭಕ್ತರು ಕುಳಿತಲ್ಲಿಂದಲೇ ದಾಸೋಹನಿಧಿಗೆ ಹಣ ಕಳುಹಿಸುತ್ತಾರೆ. ನಾನೂ ಕಳುಹಿಸುತ್ತೇನೆ, ಅದು ಬೇಕು, ಅದಿಲ್ಲದೆ ಸಾವಿರ ಮಕ್ಕಳ ಒಲೆ ಉರಿಯದು. ಆದರೆ ಹಣಕ್ಕೆ ಹಿಟ್ಟು ನಾದುವ ಕೈಯಿಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯನ್ನು ಕಂಡವರಿಗೆ ನನ್ನ ಮಾತು ತಿಳಿದೀತು. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ಮನೆಮನೆಗಳಲ್ಲಿ ಬಡಿದ ಜೋಳದ ರೊಟ್ಟಿಗಳು ಲಕ್ಷಗಳ ಸಂಖ್ಯೆಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತವೆ; ಜೊತೆಗೆ ಮಾದಲಿ. ಇಷ್ಟು ರೊಟ್ಟಿಗಳಲ್ಲಿ ತನ್ನದು ಯಾರ ಎಲೆಗೆ ಬಿದ್ದಿತೆಂದು ಬಡಿದವಳಿಗೆ ತಿಳಿಯದು.

ಇದನ್ನೆಲ್ಲ ಆ ಹುಡುಗಿಗೆ ಮರುದಿನ ಹೇಳಿದೆ. ಕಾವಿ ತೊಟ್ಟವರೆಲ್ಲರನ್ನೂ ಜಂಗಮರೆಂದು ನಂಬಬೇಕಾಗಿಲ್ಲ, ಹೊಟ್ಟೆಪಾಡಿನ ವೇಷವನ್ನು ಶರಣರೇ ಕಟುವಾಗಿ ನುಡಿದಿದ್ದಾರೆ ಎಂದೂ ಹೇಳಿದೆ. ಅವಳು ಸುಮ್ಮನೆ ಕೇಳಿ, ನನಗೆ ತೋಚದ ಉಪಾಯವೊಂದನ್ನು ತಾನೇ ಮಾಡಿಕೊಂಡಳು. ಆ ಹಿರಿಯರು ಮತ್ತೆ ಬಂದರೆ ಕೆಳಗಿನಿಂದಲೇ ಕರೆ ಮಾಡಬೇಕೆಂದು ಕಾವಲುಗಾರನಿಗೆ ತಿಳಿಸಿದ್ದಾಳೆ. ಕೂಸನ್ನು ಎತ್ತಿಕೊಂಡು ತಾನೇ ಇಳಿದು ಬರುವಳಂತೆ. ಸೋಮವಾರ ಮೊದಲ ರೊಟ್ಟಿಯನ್ನು ಬೇರೆ ಎತ್ತಿಡುತ್ತಾಳೆ.

ಅವರು ಇನ್ನೂ ಬಂದಿಲ್ಲ. ಮಧ್ಯಾಹ್ನದವರೆಗೆ ಕಾದು, ಎತ್ತಿಟ್ಟ ರೊಟ್ಟಿಯನ್ನು ಕಾವಲುಗಾರನಿಗೆ ನೀಡಿ, ಆಮೇಲೆ ತಾನು ಉಣ್ಣುತ್ತಾಳೆ. ಕಳೆದ ವಾರ ಅವನು ಪಲ್ಯಕ್ಕೆ ಉಪ್ಪು ಸಾಲದೆಂದನಂತೆ.