ಯಾವುದು ಮೊದಲೋ ಅದು

ಕಾರು ಕೊಂಡಾಗ ಕೀ ಜೊತೆ ಒಂದು ಸರ್ವೀಸ್ ಬುಕ್‌ಲೆಟ್ ಕೊಡ್ತಾರಲ್ಲ, ಅದನ್ನು ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ನಾನಂತೂ ಓದಿರಲಿಲ್ಲ. ಮುಂದಿನ ಡಬ್ಬಿಯೊಳಗೆ ತುರುಕಿದ್ದು, ಇವತ್ತಿಗೂ ಅಲ್ಲೇ ಇದೆ. ಆದರೆ ಹೋದ ವರ್ಷ ಅಂಥದ್ದೊಂದು ಬುಕ್‌ಲೆಟ್ಟನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಬೇಕಾಗಿ ಬಂತು. ಅದು ನನ್ನ ಕಾರಿನದ್ದಲ್ಲ, ನಮ್ಮ ಚಿಕ್ಕಪ್ಪನ ಮಗನದ್ದು.

ಅವನು ಸೈನ್ಯದಲ್ಲಿದ್ದಾನೆ. ನಮ್ಮೂರು ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟಿನಿಂದ ಇನ್ನೂ ಒಳಕ್ಕೆ. ಹೊಲ, ಹೊಗೆಸೊಪ್ಪಿನ ಬ್ಯಾರನ್ನು, ಅದರ ಪಕ್ಕದಲ್ಲಿ ಶೀಟ್ ಹಾಕಿದ ಒಂದು ಶೆಡ್ಡು. ಆ ಶೆಡ್ಡಿಗೆ ಕಾರು ಬಂದ ದಿನ ಚಿಕ್ಕವ್ವ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಸಿ, ಊರಿಗೆಲ್ಲ ಸಿಹಿ ಹಂಚಿದ್ದರು. ಕ್ಯಾಂಟೀನ್ ರೇಟಿನಲ್ಲಿ ಸಿಕ್ಕಿದ ಸಣ್ಣ ಕಾರು. ನಾಲ್ಕು ತಿಂಗಳಾಗಿತ್ತಷ್ಟೆ, ಅವನ ಪಡೆಗೆ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೊರಡುವ ಆದೇಶ ಬಂತು. ದಕ್ಷಿಣ ಸುಡಾನ್. ಸಿದ್ಧತೆ, ತರಬೇತಿ, ಅಲ್ಲೊಂದು ವರ್ಷ ಎಲ್ಲ ಸೇರಿ ಅವನು ಮತ್ತೆ ಊರಿನ ಶೆಡ್ಡಿನ ಬಾಗಿಲು ತೆಗೆದಾಗ ಕಾರಿಗೆ ಹದಿನೇಳು ತಿಂಗಳು ತುಂಬಿತ್ತು. ಓಡಿದ್ದು 3,100 ಕಿಲೋಮೀಟರ್. ಚಿಕ್ಕಪ್ಪನಿಗೆ ಕಾರು ಓಡಿಸೋಕೆ ಬರಲ್ಲ. ಭಾನುವಾರ ಭಾನುವಾರ ಟ್ರ್ಯಾಕ್ಟರ್ ಹುಡುಗನನ್ನು ಕರೆದು ಸ್ಟಾರ್ಟ್ ಮಾಡಿಸಿ, ಹತ್ತು ನಿಮಿಷ ಬಿಟ್ಟು ಆಫ್ ಮಾಡಿಸ್ತಿದ್ದರು. ಅಷ್ಟೇ.

ಮುಂದಿನ ತಿಂಗಳು ಪವರ್ ಸ್ಟೀರಿಂಗ್ ಕೈಕೊಟ್ಟಿತು. ವಾರಂಟಿ ಎರಡು ವರ್ಷ, ಇನ್ನೂ ಆರು ತಿಂಗಳಿದೆ ಅನ್ನೋ ಧೈರ್ಯದಲ್ಲಿ ಐವತ್ತು ಕಿಲೋಮೀಟರ್ ದೂರದ ಮೈಸೂರಿಗೆ ಟೋ ಮಾಡಿಸಿಕೊಂಡು ಹೋದ. ಅಲ್ಲಿ ಹೇಳಿದ್ದು: "ಸರ್, ಆರು ತಿಂಗಳ ಸರ್ವೀಸ್ ಮಿಸ್ ಆಗಿದೆ, ಒಂದು ವರ್ಷದ್ದೂ ಮಿಸ್ ಆಗಿದೆ. ಸಿಸ್ಟಮ್ಮಲ್ಲಿ ವಾರಂಟಿ ಬ್ಲಾಕ್ ಆಗಿದೆ. 38,000 ಆಗುತ್ತೆ." ದೇಶದಲ್ಲೇ ಇರಲಿಲ್ಲ ಅಂದ. "ನಾವು ಎಸ್ಸೆಮ್ಮೆಸ್ ಕಳಿಸಿದ್ವಿ ಸರ್" ಅಂದರು. ಹೌದು, ಕಳಿಸಿದ್ದರು. ಊರಿನ ಬೀರುವಿನೊಳಗೆ ಸ್ವಿಚ್ ಆಫ್ ಆಗಿ ಮಲಗಿದ್ದ ಸಿಮ್ಮಿಗೆ.

ರಾತ್ರಿ ಚಿಕ್ಕಪ್ಪ ನನಗೆ ಫೋನ್ ಮಾಡಿದರು. "ಅಲ್ಲಾ ಕಣ್ ಮಗ, ಓಡಿಸದೇ ಇರೋ ಗಾಡಿಗೆ ಏನ್ ಸರ್ವೀಸ್ ಮಾಡಿಸಬೇಕಿತ್ತು? ನೀನು ಕಂಪ್ಯೂಟರ್ ಓದ್ದೋನು, ಒಸಿ ನೋಡು." ಅವತ್ತೇ ನಾನು ಬುಕ್‌ಲೆಟ್ ಓದಿದ್ದು.

ಇಡೀ ಬುಕ್‌ಲೆಟ್ಟಿನ ಜೀವ ಇರೋದು ಒಂದು ಮಾತಿನಲ್ಲಿ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ಕೋಡ್ ಬರೆಯೋ ನಮಗೆ ಇದು ಚೆನ್ನಾಗಿ ಗೊತ್ತು. ಒಂದು 'ಆರ್' ಕಂಡೀಷನ್. ದಿನಾ ಓಡಿಸುವವನಿಗೆ ಕಿಲೋಮೀಟರ್ ಲೆಕ್ಕ, ಓಡಿಸದವನಿಗೆ ಕ್ಯಾಲೆಂಡರ್ ಲೆಕ್ಕ. ಎರಡರಲ್ಲಿ ಯಾವುದು ಗ್ರಾಹಕನಿಗೆ ಮೊದಲು ಮುಗಿಯುತ್ತೋ ಅದು ಕಂಪನಿಗೆ ಅನುಕೂಲ. ವಾರಾಂತ್ಯಕ್ಕೆ ಕೂರ್ಗಿಗೋ ಕಬಿನಿಗೋ ಹೋಗಿ ಬರುವ ನಮಗೆ ಇದರಿಂದ ಏನೂ ಆಗಲ್ಲ. ಗಾಡಿ ಬಿಟ್ಟು ವರ್ಷಗಟ್ಟಲೆ ದೂರ ಇರಲೇಬೇಕಾದವನಿಗೆ ಮಾತ್ರ ಇದು ಉರುಳು. ಅಂಥವರಲ್ಲಿ ಮೊದಲು ನಿಲ್ಲುವವನು ಸೈನಿಕ.

ವಿಚಿತ್ರ ಏನು ಗೊತ್ತಾ? ಸೈನಿಕನ ಗಡಿಯಾರ ಬೇರೆ ಅನ್ನೋದು ಈ ದೇಶದ ಕಾನೂನಿಗೆ ಹೊಸ ವಿಷಯವೇ ಅಲ್ಲ. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಒಂದಿದೆ, ಬ್ರಿಟಿಷರ ಕಾಲದ್ದು. ಯುದ್ಧದ ಪರಿಸ್ಥಿತಿಯಲ್ಲೋ ಸಮುದ್ರದಾಚೆಯೋ ಸೇವೆಯಲ್ಲಿರುವ ಸೈನಿಕ ಕೋರ್ಟಿಗೆ ಬರಲಾಗದಿದ್ದರೆ ಅವನ ಮೇಲಿನ ಕೇಸನ್ನು ಮುಂದೂಡಬೇಕು, ಅವನು ದಾವೆ ಹಾಕುವ ಕಾಲಮಿತಿಯಲ್ಲಿ ಆ ಸೇವೆಯ ದಿನಗಳನ್ನು ಲೆಕ್ಕದಿಂದ ಬಿಡಬೇಕು ಅನ್ನುತ್ತೆ ಅದು. ನೂರು ವರ್ಷದ ಹಿಂದೆ, ಹಡಗಿನಲ್ಲಿ ಹೋದ ಸಿಪಾಯಿಯ ಜಮೀನಿನ ಕೇಸಿಗೆ ಈ ವಿವೇಕ ಇತ್ತು. ಇವತ್ತು ವಿಮಾನದಲ್ಲಿ ಹೋದ ಸೈನಿಕನ ಕಾರಿನ ವಾರಂಟಿಗೆ ಇಲ್ಲ. ಕಾರಣ ಸರಳ: ಆ ಕಾಯ್ದೆ ಕೋರ್ಟುಗಳ ಬಗ್ಗೆ ಮಾತಾಡುತ್ತೆ, ಕಂಪನಿ ಬರೆದ ಕರಾರಿನ ಬಗ್ಗೆ ಅಲ್ಲ.

ಅಮೆರಿಕದಲ್ಲಿ ಎಲ್ಲ ಸರಿ ಇದೆ ಅಂತಲೂ ಅಂದುಕೊಳ್ಳಬೇಡಿ. ಅಲ್ಲಿಯ 2003ರ ಸೈನಿಕರ ನಾಗರಿಕ ಪರಿಹಾರ ಕಾಯ್ದೆ ಪ್ರಕಾರ 180 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲಕ್ಕೆ ನಿಯೋಜನೆ ಬಂದರೆ ಸೈನಿಕ ತನ್ನ ಕಾರಿನ ಲೀಸನ್ನು ದಂಡವಿಲ್ಲದೆ ಮುರಿಯಬಹುದು, ಸೇವೆಗೆ ಮುಂಚಿನ ಸಾಲಕ್ಕೆ ಶೇ. 6ಕ್ಕಿಂತ ಹೆಚ್ಚು ಬಡ್ಡಿ ಹಾಕುವ ಹಾಗಿಲ್ಲ. ಕಂಪನಿ ವಾರಂಟಿಯ ಗಡಿಯಾರವನ್ನು ಆ ಕಾಯ್ದೆಯೂ ನಿಲ್ಲಿಸಲ್ಲ. ಆದರೂ ಸೈನಿಕನ ಕಾರು ಅನ್ನೋದು ಕಾನೂನು ಯೋಚಿಸಬೇಕಾದ ವಿಷಯ ಅಂತ ಅವರಿಗೆ ಅನ್ನಿಸಿದೆ. ನಮ್ಮಲ್ಲಿ ಆಗಸ್ಟ್ 15 ಬಂದರೆ ಶೋರೂಮಿನ ಮುಂದೆ ಸೆಲ್ಯೂಟ್ ಹೊಡೆಯೋ ಸೈನಿಕನ ಫ್ಲೆಕ್ಸ್ ಕಟ್ಟುತ್ತಾರೆ, ಅಷ್ಟೇ. ಒಳಗೆ ಬಿಲ್ಲಿಂಗ್ ಕೌಂಟರಿನಲ್ಲಿ ಅದೇ ಸೈನಿಕನಿಗೆ 38,000.

"ನಿಯಮ ಅಂದ್ರೆ ನಿಯಮ, ಒಬ್ಬರಿಗೋಸ್ಕರ ಬದಲಾಯಿಸೋಕಾಗಲ್ಲ" ಅನ್ನುವವರಿಗೆ 2020ನ್ನು ನೆನಪಿಸ್ತೀನಿ. ಆ ಮಾರ್ಚಿನಲ್ಲಿ ಲಾಕ್‌ಡೌನ್ ಆಯ್ತು. ಗಾಡಿಗಳು ಮನೆ ಮುಂದೆ ನಿಂತವು. ಆಗ ಹಲವು ಕಾರು ಕಂಪನಿಗಳು ಆ ದಿನಗಳಲ್ಲಿ ಮುಗಿಯಬೇಕಿದ್ದ ವಾರಂಟಿಯನ್ನೂ ಫ್ರೀ ಸರ್ವೀಸನ್ನೂ ಜೂನ್ 30ರವರೆಗೆ ವಿಸ್ತರಿಸಿದವು. ಯಾರೂ ಇಂಜಿನ್ ಕೆಟ್ಟುಹೋಗುತ್ತೆ ಅನ್ನಲಿಲ್ಲ, ಸಿಸ್ಟಮ್ಮಲ್ಲಿ ಆಗಲ್ಲ ಅನ್ನಲಿಲ್ಲ. ಗಾಡಿ ನಿಂತದ್ದು ಗ್ರಾಹಕನ ತಪ್ಪಲ್ಲ ಅಂತ ಒಪ್ಪಿಕೊಂಡರು. ಸರ್ಕಾರದ ಆದೇಶದಿಂದ ನಾವು ಮನೆಯೊಳಗೆ ಕೂತಾಗ ಗಡಿಯಾರ ನಿಲ್ಲಿಸಬಹುದು, ಸರ್ಕಾರದ ಆದೇಶದಿಂದಲೇ ದಕ್ಷಿಣ ಸುಡಾನಿಗೆ ಹೋದವನಿಗೆ ಯಾಕೆ ಆಗಲ್ಲ? ವ್ಯತ್ಯಾಸ ಇಷ್ಟೇ. ಅವತ್ತು ಕೇಳೋರು ನಾವೆಲ್ಲ ಇದ್ವಿ. ಇವತ್ತು ಕೇಳ್ತಿರೋದು ಹಳ್ಳಿಯ ಒಬ್ಬ ಅಪ್ಪ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ಗೌರವ ಕೊಡ್ತೀನಿ. ಸರ್ವೀಸ್ ಸೆಂಟರಿನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯ ಹೇಳಿದ್ದು: "ನಿಂತ ಗಾಡಿ ಚೆನ್ನಾಗಿರುತ್ತೆ ಅನ್ನೋದು ಭ್ರಮೆ. ಇಂಜಿನ್ ಆಯಿಲ್ ಓಡದಿದ್ದರೂ ಹಳತಾಗುತ್ತೆ, ಬ್ಯಾಟರಿ ಇಳಿಯುತ್ತೆ, ಟಯರ್ ಒಂದೇ ಕಡೆ ಚಪ್ಪಟೆಯಾಗುತ್ತೆ, ಬ್ರೇಕ್ ತುಕ್ಕು ಹಿಡಿಯುತ್ತೆ, ಇಲಿ ವೈರ್ ಕಡಿಯುತ್ತೆ." ಪೂರ್ತಿ ಸತ್ಯ. ಬ್ಯಾರನ್ ಪಕ್ಕದ ಶೆಡ್ಡಿನಲ್ಲಂತೂ ಇಲಿಗಳದ್ದೇ ರಾಜ್ಯ. ಅದಕ್ಕೇ ನಾನು ಆಯಿಲ್ ಬದಲಾಯಿಸದೇ ಹಾಳಾದ ಇಂಜಿನ್ನನ್ನು ಕಂಪನಿ ಪುಕ್ಕಟೆ ರಿಪೇರಿ ಮಾಡಲಿ ಅಂತ ಕೇಳ್ತಿಲ್ಲ. ಆದರೆ ಆಯಿಲ್ಲಿಗೂ ಎಲೆಕ್ಟ್ರಿಕ್ ಸ್ಟೀರಿಂಗ್ ಮೋಟಾರಿಗೂ ಏನು ಸಂಬಂಧ? ತಪ್ಪಿದ ಸರ್ವೀಸಿನಿಂದಲೇ ಈ ಭಾಗ ಕೆಟ್ಟಿತು ಅಂತ ತೋರಿಸುವ ಹೊಣೆ ಯಾರದ್ದು? ಪರೀಕ್ಷೆ ಮಾಡೋ ಯಂತ್ರ ಇರೋದು ಅವರ ಹತ್ತಿರ, ಹೊಣೆ ಚಿಕ್ಕಪ್ಪನ ತಲೆ ಮೇಲೆ! ಅವತ್ತು ಯಾರೂ ಬಾನೆಟ್ ಕೂಡ ತೆಗೆಯಲಿಲ್ಲ. ಪರದೆ ನೋಡಿ ಹೇಳಿದರು, ಬ್ಲಾಕ್ ಆಗಿದೆ ಅಂತ.

ಹೀಗೆ ಒಂದೇ ಏಟಿಗೆ ವಾರಂಟಿ ರದ್ದು ಮಾಡೋದರ ಬಗ್ಗೆ ನಮ್ಮಲ್ಲಿ ದೊಡ್ಡ ಮಟ್ಟದಲ್ಲೇ ಮಾತು ಆಗಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ರಿಪೇರಿಯನ್ನೂ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದಾರೆ ಅನ್ನೋದು ಆರೋಪ. ಹೊರಗಿನ ಮೆಕ್ಯಾನಿಕ್ ಮುಟ್ಟಿದ ಅಂತ ಇಡೀ ವಾರಂಟಿ ರದ್ದು ಮಾಡುವ ಹಾಗಿಲ್ಲ, ಅವನ ಕೆಟ್ಟ ಕೆಲಸದಿಂದ ಆದ ಹಾನಿಗಷ್ಟೇ ವಾರಂಟಿ ನಿರಾಕರಿಸಬಹುದು ಅಂತ ಆ ಆದೇಶದಲ್ಲಿದೆ. ದಂಡದ ವಿಷಯ ಮೇಲ್ಮನವಿ, ಕೋರ್ಟು ಅಂತ ಎಳೆದಾಡಿತು, ಅದು ಬೇರೆ ಕಥೆ. ನನಗೆ ಬೇಕಿರೋದು ಅದರೊಳಗಿನ ತರ್ಕ: ಎಷ್ಟು ಹಾನಿಗೆ ಕಾರಣವೋ ಅಷ್ಟಕ್ಕೇ ಶಿಕ್ಷೆ. ಹೊರಗೆ ಸರ್ವೀಸ್ ಮಾಡಿಸಿದವನಿಗೆ ಅನ್ವಯಿಸೋ ತರ್ಕ, ಸರ್ವೀಸ್ ಮಾಡಿಸಲಾಗದವನಿಗೂ ಅನ್ವಯಿಸಬೇಕಲ್ವಾ?

ಕೋರ್ಟಿಗೆ ಹೋಗಬಹುದಲ್ಲ ಅಂತೀರಿ. ಹೋಗಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಒಂದು ಒಳ್ಳೇ ಕೆಲಸ ಮಾಡಿದೆ: ಕಂಪನಿ ಎಲ್ಲೇ ಇರಲಿ, ತಾನು ವಾಸ ಮಾಡುವ ಅಥವಾ ಕೆಲಸ ಮಾಡುವ ಜಾಗದಲ್ಲೇ ಗ್ರಾಹಕ ದೂರು ಕೊಡಬಹುದು. ಆನ್‌ಲೈನಲ್ಲೂ ಆಗುತ್ತೆ. 5 ಲಕ್ಷ ರೂಪಾಯಿವರೆಗಿನ ಖರೀದಿಯಾದರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಆದರೆ ಇಲ್ಲೊಂದು ಗಂಟಿದೆ. ಭಾಗ ಕೆಟ್ಟಿದೆ, ಸೇವೆ ಸರಿಯಿಲ್ಲ ಅಂತಾದರೆ ಮೈಸೂರಿನ ಜಿಲ್ಲಾ ಆಯೋಗ ಸಾಕು. ಈ ಕರಾರೇ ಅನ್ಯಾಯದ್ದು, 'ಯಾವುದು ಮೊದಲೋ ಅದು' ಅನ್ನೋ ಷರತ್ತನ್ನೇ ಪ್ರಶ್ನಿಸ್ತೀನಿ ಅಂದರೆ ಅದು ರಾಜ್ಯ ಆಯೋಗದ ಕೆಲಸ. 38,000 ರೂಪಾಯಿಗೆ ಕೋಟೆಯಿಂದ ಬೆಂಗಳೂರಿಗೆ ಓಡಾಡೋರು ಯಾರು? ಅವನಿಗೆ ರಜೆ ಇದ್ದದ್ದು ಒಟ್ಟು ಮೂವತ್ತು ದಿನ. ದುಡ್ಡು ಕಟ್ಟಿ ಕಾರು ತಂದ. ನೂರಕ್ಕೆ ತೊಂಬತ್ತು ಜನ ಹಾಗೇ ಮಾಡ್ತಾರೆ ಅನ್ನೋ ನಂಬಿಕೆ ಮೇಲೇ ಇಂಥ ಷರತ್ತುಗಳು ನಿಂತಿರೋದು.

ಹಾಗಾದರೆ ಏನಾಗಬೇಕು? ಹೊಸ ಕಾಯ್ದೆ ಬರಲಿ ಅಂತ ಕೂರೋದು ಬೇಡ. ದಾರಿ ಕ್ಯಾಂಟೀನಿನಲ್ಲೇ ಇದೆ. ಸೈನಿಕರಿಗೆ ಕಾರು ಮಾರಾಟ ನಡೆಯೋದು ರಕ್ಷಣಾ ಸಚಿವಾಲಯದ ಕೈಕೆಳಗಿನ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಮೂಲಕ. ಬೆಲೆ ಚೌಕಾಶಿ ಮಾಡೋ ಇಲಾಖೆಗೆ ವಾರಂಟಿ ಚೌಕಾಶಿ ಮಾಡೋಕೆ ಏನು ಅಡ್ಡಿ? ನಿಮ್ಮ ಕಾರು ನಮ್ಮ ಪಟ್ಟಿಯಲ್ಲಿ ಇರಬೇಕಾದರೆ ಮೂರು ಸಾಲು ಸೇರಿಸಿ ಅನ್ನಲಿ.

ಒಂದು, ವಿದೇಶಕ್ಕೋ ಕುಟುಂಬ ಕರೆದೊಯ್ಯಲಾಗದ ಗಡಿ ಠಾಣೆಗೋ ನಿಯೋಜನೆಯಾದವನು ಘಟಕದಿಂದ ಪತ್ರ ಕೊಟ್ಟರೆ ಅಷ್ಟು ತಿಂಗಳು ಕ್ಯಾಲೆಂಡರ್ ನಿಲ್ಲಬೇಕು. ಕಿಲೋಮೀಟರ್ ಲೆಕ್ಕ ಹಾಗೇ ಇರಲಿ, ಯಾರೂ ಮೋಸ ಮಾಡೋಕಾಗಲ್ಲ. ಎರಡು, ವಾಪಸ್ ಬಂದ ಮೇಲೆ ಒಂದು ತಪಾಸಣೆ, ಆಯಿಲ್ ಬದಲಾವಣೆ. ಅದರ ದುಡ್ಡು ಬೇಕಾದರೆ ಅವನೇ ಕೊಡಲಿ, ವಾರಂಟಿ ಮುಂದುವರಿಯಲಿ. ಮೂರು, ರಿಮೈಂಡರಿಗೆ ಮನೆಯ ಇನ್ನೊಬ್ಬರ ನಂಬರ್ ಇರಲಿ. ಕಂಪನಿಗಳ ಹತ್ತಿರ ಮೊಬೈಲ್ ಸರ್ವೀಸ್ ವ್ಯಾನುಗಳಿವೆ, ಹ್ಯಾಂಡ್‌ಪೋಸ್ಟಿಗೆ ವರ್ಷಕ್ಕೊಮ್ಮೆ ಬಂದರೆ ಚಕ್ರ ಸವೆಯಲ್ಲ.

ಸಾಫ್ಟ್‌ವೇರ್ ಲೆಕ್ಕದಲ್ಲಿ ಹೇಳೋದಾದರೆ ಇದು ಡೇಟಾಬೇಸಿನಲ್ಲಿ ಎರಡು ದಿನಾಂಕದ ಕಾಲಂ, ಒಂದು ಕಂಡೀಷನ್. ಇದನ್ನು ಓದುತ್ತಿರುವ ನಿಮ್ಮಲ್ಲೇ ಕೆಲವರು ಕಾರು ಕಂಪನಿಗಳಿಗೆ ಆ ಸಿಸ್ಟಮ್ ಬರೆದುಕೊಡ್ತೀರಿ. ಮುಂದಿನ ಸಲ ರಿಕ್ವೈರ್‌ಮೆಂಟ್ ಮೀಟಿಂಗಿನಲ್ಲಿ ಕೂತಾಗ "ಗ್ರಾಹಕ ಬರೋಕೇ ಆಗದಿದ್ದರೆ?" ಅಂತ ಒಂದು ಪ್ರಶ್ನೆ ಕೇಳಿ. ನಾವು ಮೂರು ತಿಂಗಳು ಆನ್‌ಸೈಟ್ ಹೋಗುವಾಗ ಜಿಮ್ ಮೆಂಬರ್‌ಶಿಪ್ ಫ್ರೀಜ್ ಮಾಡಿಸ್ತೀವಿ. ಜಿಮ್ಮಿನವನಿಗೆ ಗೊತ್ತಿರೋದು ಇಷ್ಟು ದೊಡ್ಡ ಕಂಪನಿಗೆ ಗೊತ್ತಿಲ್ವಾ?

"ಸೈನಿಕರಿಗೆ ಮಾತ್ರ ಯಾಕೆ? ಗಲ್ಫಿನಲ್ಲಿರೋ ನರ್ಸಿಗೆ, ಹಡಗಿನಲ್ಲಿರೋ ನಾವಿಕನಿಗೆ?" ಅಂತ ಕೇಳಿದರೆ, ಅವರಿಗೂ ಸಿಗಲಿ ಅಂತೀನಿ. ಆದರೆ ಶುರು ಎಲ್ಲೋ ಒಂದು ಕಡೆ ಆಗಬೇಕು. ನಾನು ಆನ್‌ಸೈಟ್ ಬೇಡ ಅನ್ನಬಹುದು. ಅವನು ಅನ್ನೋ ಹಾಗಿಲ್ಲ. 'ಹೋಗಲ್ಲ' ಅನ್ನೋ ಆಯ್ಕೆ ಇಲ್ಲದವನಿಂದ ಶುರು ಮಾಡೋಣ.

ಅವನು ಈಗ ಲಡಾಖಿನಲ್ಲಿದ್ದಾನೆ. ಕಾರಿನ ಮುಂದಿನ ಸರ್ವೀಸ್ ಜನವರಿಯಲ್ಲಿ, ಅವನಿಗೆ ರಜೆ ಸಿಗೋದು ಮಾರ್ಚಿಗೆ. ನನ್ನ ಫೋನಿನಲ್ಲಿ ರಿಮೈಂಡರ್ ಹಾಕಿದ್ದೀನಿ. ಒಂದು ಶನಿವಾರ ಊರಿಗೆ ಹೋಗಿ, ಶೆಡ್ಡಿನಿಂದ ಗಾಡಿ ತೆಗೆದು, ಮೈಸೂರಿಗೆ ಒಯ್ದು ಬುಕ್‌ಲೆಟ್ಟಿಗೆ ಸೀಲ್ ಹಾಕಿಸಿಕೊಂಡು ಬರ್ತೀನಿ. ನನ್ನ ತಮ್ಮನಿಗೇನೋ ಬೆಂಗಳೂರಿನಲ್ಲಿ ಒಬ್ಬ ಅಣ್ಣ ಇದ್ದಾನೆ, ಹೇಗೋ ನಡೆಯುತ್ತೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಶೆಡ್ಡುಗಳಲ್ಲಿ ನಿಂತಿರೋ ಉಳಿದ ಕಾರುಗಳಿಗೆ ಯಾರಿದ್ದಾರೆ?