ನಿಶ್ಚಲವೆಂಬ ನೆಲ

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿನಲ್ಲಿ ಕಬ್ಬು, ಬತ್ತಗಳ ಹಸುರಿನ ನಡುವೆ ಅಲ್ಲಲ್ಲಿ ಬಂಡೆಗಳು ತಲೆಯೆತ್ತಿ ನಿಂತಿವೆ. ಇವುಗಳಷ್ಟು ಅಚಲವಾದುದು ಬೇರೊಂದಿಲ್ಲವೆಂದು ನಮ್ಮ ಭಾವನೆ. ಆದರೆ ಅದು ಅರ್ಧಸತ್ಯ ಮಾತ್ರ.

ಭೂಮಿಯ ಹೊರಚಿಪ್ಪು ಅಖಂಡವಾದುದಲ್ಲ. ಅದು ಹಲವು ಫಲಕಗಳಾಗಿ ಒಡೆದಿದೆ. ಭೂಗರ್ಭದ ಕಾವಿನಿಂದಾಗಿ ಅವು ಮೆಲ್ಲಮೆಲ್ಲನೆ ಸರಿಯುತ್ತಿವೆ. ಭಾರತದ ಫಲಕವು ಗೊಂಡ್ವಾನವೆಂಬ ಮಹಾಖಂಡದಿಂದ ಬೇರ್ಪಟ್ಟು ಉತ್ತರಕ್ಕೆ ಸಾಗಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾವನ್ನು ಒತ್ತಿತು. ಆ ಒತ್ತಡದಿಂದ ಮಡಿಕೆಗೊಂಡು ಮೇಲೆದ್ದ ನೆಲವೇ ಹಿಮಾಲಯ. ಇಂದಿಗೂ ಈ ಫಲಕವು ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಸರಿಯುತ್ತಿದೆ. ಮಂಡ್ಯವೂ ಅದರೊಡನೆ ಪಯಣಿಸುತ್ತಿದೆ.

ಅಂಚಿನಲ್ಲಿ ಪರ್ವತಗಳು ಹುಟ್ಟಿದರೆ, ಅಂಚಿನಿಂದ ದೂರವಿರುವ ನಮ್ಮಲ್ಲಿ ಪುರಾತನ ಶಿಲೆ ಉಳಿದುಬಂದಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯು ಧುಮುಕುವುದು ಇಂತಹ ಶಿಲೆಯ ಮೇಲಿಂದಲೇ. ನೈಸ್ ಎಂಬ ಈ ಪಟ್ಟೆಗಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಆದುದರಿಂದಲೇ ಇಲ್ಲಿ ಭೂಕಂಪದ ಭಯ ಕಡಿಮೆ.

ಕಡಿಮೆಯೆಂದರೆ ಇಲ್ಲವೆಂದಲ್ಲ. ಅಂಚಿನ ಒತ್ತಡವು ಫಲಕದ ಒಳನಾಡಿಗೂ ಹಬ್ಬುತ್ತದೆ. ಹಿಮಾಲಯದಿಂದ ಬಹುದೂರವಿರುವ ಮಹಾರಾಷ್ಟ್ರದ ಲಾತೂರು ಪ್ರದೇಶದಲ್ಲಿ 1993ರ ಸೆಪ್ಟೆಂಬರ್ 30ರ ಮುಂಜಾವದಲ್ಲಿ ನೆಲ ನಡುಗಿ ಸಾವಿರಾರು ಜನರು ಮಡಿದರು. ಅವರಲ್ಲಿ ಬಹುಮಂದಿಯನ್ನು ಕೊಂದುದು ಕಲ್ಲುಮಣ್ಣಿನ ದಪ್ಪ ಗೋಡೆಗಳು ಮತ್ತು ಭಾರವಾದ ಮಾಳಿಗೆಗಳು. ನೆಲದ ಚಲನೆಯನ್ನು ತಡೆಯುವ ಶಕ್ತಿ ಮಾನವನಿಗಿಲ್ಲ. ಗೋಡೆಯನ್ನು ಭದ್ರವಾಗಿ ಕಟ್ಟುವ ಶಕ್ತಿ ಇದೆ. ನೆಲವನ್ನು ನಂಬಿ ಬಾಳೋಣ. ನಂಬಿ ಮೈಮರೆಯುವುದು ಬೇಡ.