ಕೋಲಿಯಸ್ ಗಿಡಕ್ಕೆ ಎಷ್ಟು ನೆರಳು ಬೇಕು?

ಕೊಡಗಿನ ಮನೆಯಂಗಳಗಳಲ್ಲಿ ಕೋಲಿಯಸ್ ಗಿಡವನ್ನು ಕಾಣದ ವಾಚಕರು ವಿರಳ. ತುಳಸಿ, ದೊಡ್ಡಪತ್ರೆಗಳ ಕುಟುಂಬಕ್ಕೆ ಸೇರಿದ ಈ ಗಿಡದ ಕಾಂಡ ಚೌಕ, ಹೂವು ಅಲ್ಪ, ಸೊಬಗೆಲ್ಲ ಎಲೆಯದೇ. ಇದನ್ನು ‘ನೆರಳಿನ ಗಿಡ’ವೆಂದು ಹೇಳಿ ಮಾರುವುದು ವಾಡಿಕೆ. ಈ ಮಾತು ಅರ್ಧಸತ್ಯವೆಂದೇ ನಮ್ಮ ಅಭಿಪ್ರಾಯ.

ಆ ಮಾತನ್ನು ನಂಬಿ ನಾವು ಎರಡು ಕುಂಡಗಳನ್ನು ಒಳಜಗಲಿಯ ಮೂಲೆಯಲ್ಲಿಟ್ಟೆವು. ಒಂದೆರಡು ತಿಂಗಳಲ್ಲಿ ಕಡುಗೆಂಪು ಎಲೆಗಳು ಮಂಕಾದ ಹಸುರಿಗೆ ತಿರುಗಿದವು; ಕಾಂಡಗಳು ಬೆಳಕಿನತ್ತ ಉದ್ದುದ್ದ ಚಾಚಿಕೊಂಡವು. ನಾವು ಮಣ್ಣನ್ನು ದೂರಿದೆವು, ಗೊಬ್ಬರ ಹಾಕಿದೆವು. ಭೌತಶಾಸ್ತ್ರವನ್ನು ಬೋಧಿಸುವವರಿಗೆ ಇದು ನಾಚಿಕೆಯ ಸಂಗತಿಯೇ ಸರಿ! ಏಕೆಂದರೆ ತಪ್ಪು ಮಣ್ಣಿನದಲ್ಲ, ನಮ್ಮ ಕಣ್ಣಿನದು.

ನಡುಹಗಲಿನ ಬಿಸಿಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು 1,00,000 ಲಕ್ಸ್. ಮನೆಯ ಒಳಗೆ ಕೆಲವೇ ನೂರು. ಈ ಅಗಾಧ ಅಂತರವನ್ನು ಕಣ್ಣು ಹೊಂದಿಸಿಕೊಂಡು, ಎರಡು ಕಡೆಯೂ ‘ಬೆಳಕಿದೆ’ ಎಂದುಬಿಡುತ್ತದೆ. ಎಲೆಗೆ ಆ ಸೌಕರ್ಯವಿಲ್ಲ. ಕೆಂಪಿಗೆ ಕಾರಣವಾದ ಆಂಥೊಸಯನಿನ್ ಎಂಬ ವರ್ಣದ್ರವ್ಯ ತಯಾರಾಗಲು ಬೆಳಕು ಬೇಕೇ ಬೇಕು. ಕೆಂಪು ಎಲೆಯಲ್ಲಿ ಹಸುರು ಇಲ್ಲವೆಂದು ಭಾವಿಸಬಾರದು: ಅದನ್ನು ಕುದಿಯುವ ನೀರಿಗೆ ಹಾಕಿದರೆ ಆಂಥೊಸಯನಿನ್ ನೀರಿಗಿಳಿದು, ಅಡಗಿದ್ದ ಪತ್ರಹರಿತ್ತು ಹೊರಗೆ ಕಾಣಿಸುತ್ತದೆ. ಕತ್ತಲ ಮೂಲೆಯಲ್ಲಿ ಹೊಸ ಎಲೆಗಳಿಗೆ ಕೆಂಪು ಸಾಲದಾಗಿ ಹಸುರೇ ಮೇಲುಗೈ ಪಡೆಯುತ್ತದೆ. ಹಾಗೆಂದು ಏಪ್ರಿಲ್ ತಿಂಗಳ ಬಟ್ಟಬಯಲಿನಲ್ಲಿಟ್ಟರೆ ಬಹುತೇಕ ತಳಿಗಳ ಬಣ್ಣ ಮಾಸಿ ಎಲೆಯಂಚು ಸುಟ್ಟುಹೋಗುತ್ತದೆ.

ಈ ವಿವೇಕವನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಕಾಫಿ ಬೆಳೆಗಾರರು ‘ಕಾಫಿಗೆ ನೆರಳು ಬೇಕು’ ಎಂದಷ್ಟೇ ಹೇಳಿ ಸುಮ್ಮನಿರುವುದಿಲ್ಲ. ಮಳೆಗಾಲದ ಮೋಡ ಕವಿಯುವ ಮೊದಲೇ ಹಾಲುವಾಣವೇ ಮೊದಲಾದ ಮರಗಳ ಕೊಂಬೆಗಳನ್ನು ಕಡಿಸಿ ತೋಟಕ್ಕೆ ಬೆಳಕು ಬಿಡುತ್ತಾರೆ. ಬೇಸಗೆಗೆ ಮತ್ತೆ ನೆರಳು ಕೂಡುತ್ತದೆ. ಕೋಲಿಯಸ್‌ಗೂ ಇದೇ ನ್ಯಾಯ. ಬೇಸಗೆಯಲ್ಲಿ ಮರದಡಿಯ ಜರಡಿಬಿಸಿಲು ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಇನ್ನೂ ಬೆಳಕಿನ ಕಡೆಗೆ ಸರಿಸಬೇಕು. ಆದರೆ ಸೂರಿನ ನೀರು ಬೀಳುವಲ್ಲಿ ಅಲ್ಲ, ಬೇರು ಕೊಳೆಯುತ್ತದೆ.

ವಿದ್ಯಾರ್ಥಿಗಳು ನಮ್ಮ ಮಾತನ್ನು ನಂಬಬೇಕೆಂದಿಲ್ಲ. ಒಂದೇ ಗಿಡದ ಮೂರು ತುಂಡುಗಳನ್ನು ನೀರಿನಲ್ಲಿಟ್ಟು ಬೇರು ಬರಿಸಿ, ಒಂದೇ ಮಣ್ಣಿನ ಮೂರು ಕುಂಡಗಳಲ್ಲಿ ನೆಡಲಿ. ಒಂದು ಕೋಣೆಯಲ್ಲಿ, ಒಂದು ಮರದಡಿಯಲ್ಲಿ, ಒಂದು ಬಯಲಿನಲ್ಲಿರಲಿ. ಈಗಿನ ಹಲವು ಮೊಬೈಲುಗಳಲ್ಲಿ ಬೆಳಕಿನ ಸಂವೇದಕವಿರುವುದರಿಂದ ಲಕ್ಸ್ ಲೆಕ್ಕವನ್ನೂ ಬರೆದಿಡಬಹುದು. ತಿಂಗಳ ಬಳಿಕ ಹೊಸದಾಗಿ ಚಿಗುರಿದ ಎಲೆಗಳನ್ನು ಮಾತ್ರ ಹೋಲಿಸಿ ನೋಡಲಿ.